ಹಳೇ ವಾರ್ಷಿಕ ಸಂಚಿಕೆಗಳು ಹುಡುಕಿದರೆ ಸಿಗುವಂತಾದದ್ದು: ನನ್ನ ಅನುಭವ

ನಮ್ಮ ಕಾಲೇಜಿನ 27 ವಾರ್ಷಿಕ ಸಂಚಿಕೆಗಳು ಈಗ ಅಕ್ಷರ ರೂಪದಲ್ಲಿ ಜಾಲತಾಣದಲ್ಲಿವೆ. ಮೊಬೈಲಿನಲ್ಲಿ ‘ಎಮ್ಮೆ’ ಎಂದು ಹುಡುಕಿದರೆ 1979ರ ಹಾಸ್ಯ ಲೇಖನವೊಂದು, 2006ರ ಪದ್ಯವೊಂದು ಒಟ್ಟಿಗೇ ಎದ್ದು ಬರುತ್ತವೆ. ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಬಹುದು, ಕಣ್ಣು ಕಾಣದವರು ಸ್ಕ್ರೀನ್ ರೀಡರಿನಲ್ಲಿ ಕೇಳಬಹುದು. ಶುರು ಮಾಡಿದಾಗ ಡಿಟಿಪಿ ಅಂಗಡಿಯಲ್ಲಿ ಸಿಕ್ಕ ಉತ್ತರ: ‘ಕನ್ನಡಕ್ಕ ಓಸಿಆರ್ ಆಗೂದಿಲ್ಲ ತಮ್ಮಾ, ಟೈಪ್ ಮಾಡಿಸಿಬಿಡು.’ (ಓಸಿಆರ್ ಎಂದರೆ ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರೇ ಓದಿ ಪಠ್ಯ ಮಾಡುವುದು.) ಲ್ಯಾಬಿನಲ್ಲಿ ಸಿಕ್ಕ ಉತ್ತರ: ‘ಫೋಟೋ ತೆಗೆದು ಪಿಡಿಎಫ್ ಹಾಕು, ಸಾಕು.’ ಟೈಪ್ ಮಾಡಿಸಿದ್ದರೆ ಪುಟಕ್ಕೆ 25 ರೂಪಾಯಿಯಂತೆ 57 ಸಾವಿರ ಆಗುತ್ತಿತ್ತು. ನನಗೆ ಖರ್ಚಾದದ್ದು ಆರೂವರೆ ಸಾವಿರದ ಆಸುಪಾಸು, ಅದರಲ್ಲಿ ಮೂರು ಸಾವಿರ ಬರೀ ದಂಡ.

ಪಿಡಿಎಫ್ ಸಾಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಕನ್ನಡ ಓಡಾಡುವುದು ಹೆಚ್ಚಾಗಿ ಚಿತ್ರವಾಗಿ: ವಾಟ್ಸಾಪಿನ ಫಾರ್ವರ್ಡು, ಟ್ರೋಲ್ ಪೇಜಿನ ಮೀಮು, ಪತ್ರಿಕೆಯ ತುಣುಕಿನ ಫೋಟೋ. ಇವತ್ತು ನೋಡಿದ್ದು ನಾಳೆ ಹುಡುಕಿದರೆ ಸಿಗುವುದಿಲ್ಲ. ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ, ಅದರ ಹಳೇ ಫಾಂಟುಗಳ ಸಂಕೇತ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲ) ಮಾಡಿದ ಪಿಡಿಎಫ್ ಕೂಡ ಹುಡುಕಾಟದ ಮಟ್ಟಿಗೆ ಚಿತ್ರವೇ. ಹಾಗಾಗಿ ಅಕ್ಷರಕ್ಕೆ ಇಳಿಸಲೇಬೇಕು ಎಂಬುದು ಮೊದಲ ದಿನದಿಂದ ನನ್ನ ಹಟ. ಟೆಸರಾಕ್ಟ್ (ಓಸಿಆರ್ ತಂತ್ರಾಂಶ), ಸ್ಕ್ಯಾನ್ ಟೈಲರ್ (ಪುಟದ ಚಿತ್ರ ಹದಗೊಳಿಸುವ ತಂತ್ರಾಂಶ), ಪೈಥಾನ್ ಬಳಸಿ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವನ್ನು ಹಾಕಿಕೊಳ್ಳುವುದು ಹೇಗೆ ಎಂಬ ವಿಷಯಕ್ಕೆ ಹೋಗುವುದಿಲ್ಲ.

ಮೊದಲು ವಿಂಗಡಣೆ. 15 ಸಂಚಿಕೆ ಮೊಳೆ ಜೋಡಿಸಿ ಅಚ್ಚು ಮಾಡಿದ್ದು, ಸುಮಾರು 1,700 ಪುಟ. ಉಳಿದ 12 ಡಿಟಿಪಿ ಕಾಲದವು. ಅವುಗಳಲ್ಲಿ ಎಂಟಕ್ಕೆ ಸಿಡಿ ಇತ್ತು, ಒಂದು ಸಿಡಿ ಓದಲೇ ಇಲ್ಲ. ಅಂದರೆ ಏಳು ಸಂಚಿಕೆ ಸಿಡಿಯಿಂದ, ಉಳಿದ 2,300 ಪುಟ ಕ್ಯಾಮೆರಾದಿಂದ. ಸಿಡಿಗಳನ್ನು ಮೊದಲು ಮುಗಿಸಿದ್ದಕ್ಕೆ ಕಾರಣವಿದೆ, ಅದು ಮುಂದೆ ಬರುತ್ತದೆ.

ಹಳೇ ಸಿಡಿಯಿಂದ ಫೈಲನ್ನು ಎಳೆದು ಹಾಕಿಕೊಳ್ಳಲು ಹೋದರೆ ಡ್ರೈವು ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತದೆ, ಕಂಪ್ಯೂಟರು ನಿಂತುಬಿಡುತ್ತದೆ. ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶದಲ್ಲಿ ಇಡೀ ತಟ್ಟೆಯ ಪ್ರತಿ ತೆಗೆಯಿರಿ. ಬ್ಲಾಕು 2048 ಬೈಟ್, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಲಿ, ಆಮೇಲೆ ಅದೇ ಜಾಗಕ್ಕೆ ಮೂರು ಸುತ್ತು ಹಾಕಿಸಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಬೇಕು. ಸುತ್ತಿ ಒರೆಸಿದರೆ ಗೀರು ದತ್ತಾಂಶದ ಸಾಲಿನ ಉದ್ದಕ್ಕೂ ಬೀಳುತ್ತದೆ. ಇನ್ನೊಂದು, ಒಂದು ಡ್ರೈವ್ ಓದದ ಸಿಡಿಯನ್ನು ಬೇರೆ ಡ್ರೈವ್ ಓದೀತು. 500 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಡ್ರೈವೇ ಎರಡು ಸಂಚಿಕೆ ಉಳಿಸಿತು.

ಸಿಡಿಯಲ್ಲಿದ್ದದ್ದು ಪುಟ ಕಟ್ಟುವ ಹಳೇ ತಂತ್ರಾಂಶವಾದ ಪೇಜ್‌ಮೇಕರ್ ಫೈಲುಗಳು. ಲಿಬ್ರೆ ಆಫೀಸಿನ ಡ್ರಾದಲ್ಲಿ ತೆರೆದವು, ಆದರೆ ಲೇಖನದ ಸಾಲುಗಳು ಚೂರುಚೂರಾಗಿ ಬಂದವು. ಕೊನೆಗೆ ವರ್ಚುವಲ್ ಬಾಕ್ಸಿನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರು ಓಡಿಸುವ ತಂತ್ರಾಂಶ) ಹಳೇ ವಿಂಡೋಸ್ ಕೂರಿಸಿ, ಪೇಜ್‌ಮೇಕರಿನಿಂದಲೇ ಒಂದೊಂದು ಲೇಖನವನ್ನೂ ಆರ್‌ಟಿಎಫ್ ಆಗಿ ಹೊರಕ್ಕೆ ತೆಗೆದೆ. ಆರ್‌ಟಿಎಫ್ ಯಾಕೆಂದರೆ ಅದರಲ್ಲಿ ಪ್ರತಿ ತುಣುಕಿನ ಹಿಂದೆ ಯಾವ ಫಾಂಟು ಎಂಬುದು ಬರೆದಿರುತ್ತದೆ. ನಾನು ಮೊದಲ ಎರಡು ಸಂಚಿಕೆಯನ್ನು ಬರೀ ಟೆಕ್ಸ್ಟ್ ಆಗಿ ತೆಗೆದು ಒಂದು ವಾರ ಕಳೆದುಕೊಂಡೆ. ಲೇಖನದ ನಡುವೆ ಇಂಗ್ಲಿಷ್ ಪದ ಬಂದಲ್ಲೆಲ್ಲ ಪರಿವರ್ತಕ (ನುಡಿಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶ) ಅದನ್ನೂ ಕನ್ನಡದ ಸಂಕೇತ ಎಂದುಕೊಂಡು ಅರ್ಥವಿಲ್ಲದ ಒತ್ತಕ್ಷರಗಳ ಸಾಲು ಉಗುಳಿತ್ತು. ಫಾಂಟ್ ನೋಡಿ, ನುಡಿಯ ತುಣುಕನ್ನು ಮಾತ್ರ ಪರಿವರ್ತಿಸಬೇಕು, ಉಳಿದದ್ದನ್ನು ಮುಟ್ಟಬಾರದು.

ಎನ್‌ಕೋಡಿಂಗ್ (ಫೈಲಿನ ಬೈಟುಗಳನ್ನು ಯಾವ ಅಕ್ಷರವೆಂದು ಓದಬೇಕು ಎಂಬ ನಿಯಮ) ವಿಚಾರದಲ್ಲಿ ಇನ್ನೊಂದು ಎಚ್ಚರ. ನುಡಿಯ ಫೈಲನ್ನು ವಿಂಡೋಸ್-1252 ಎಂದೇ ಓದಿಸಬೇಕು. ಯುಟಿಎಫ್-8 ಎಂದು ಓದಿಸಿದರೆ ತಲಕಟ್ಟೂ ಒತ್ತುಗಳೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತವೆ, ಒಮ್ಮೆ ಸೇವ್ ಆದರೆ ತಿರುಗಿ ಬರುವುದಿಲ್ಲ. ಪರಿವರ್ತನೆಗೆ ಮೊದಲು ವರ್ಡ್ ಪ್ರೊಸೆಸರಿನಲ್ಲಿ ಕೈಯಿಂದ ತಿದ್ದಲು ಹೋಗಬೇಡಿ. ನುಡಿಯಲ್ಲಿ ಸಣ್ಣ ‘ಕ್ಯೂ’ ಡಕಾರದ ಬುಡ, ದೊಡ್ಡ ‘ಕ್ಯೂ’ ಎಂದರೆ ‘ಕಿ’. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಚಾಲೂ ಇದ್ದರೆ ‘ಡೊಳ್ಳು’ ಎಂದು ಶುರುವಾಗುವ ವಾಕ್ಯದ ತಲೆ ಹಾರಿಹೋಗುತ್ತದೆ.

ಇನ್ನು ಪರಿವರ್ತನೆ. ಇದಕ್ಕೆ ಮುಕ್ತ ತಂತ್ರಾಂಶ ಮೊದಲಿನಿಂದ ಇದೆ. ಅರವಿಂದ ವಿ.ಕೆ. ಬರೆದ ಪೈಥಾನ್ ಪರಿವರ್ತಕವನ್ನು ಓದಿಯೇ ನಾನು ಕಲಿತದ್ದು. ಆದರೆ ನಮ್ಮ ಫೈಲುಗಳಲ್ಲಿ ಟೈಪ್ ಮಾಡಿದವರ ಅಡ್ಡದಾರಿಗಳು ಬಹಳ ಇದ್ದವು, ಅದಕ್ಕೆ ನನ್ನದೇ ಬರೆದುಕೊಂಡೆ. ತೊಡಕು ಎಲ್ಲಿದೆ ಎಂದು ಒಂದು ಪದ ಬಿಡಿಸಿ ತೋರಿಸುತ್ತೇನೆ. ‘ಧರ್ಮ’ ಎಂಬುದು ನುಡಿಯಲ್ಲಿ ಏಳು ಸಂಕೇತ: ದಕಾರದ ಬುಡ, ಹೊಟ್ಟೆಯ ಸೀಳು, ತಲಕಟ್ಟು, ವಕಾರದ ಬುಡ, ತಲಕಟ್ಟು, ಕೊಂಬು, ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡು ಜೋಡಿಸಿದ್ದು, ಮೊಳೆ ಜೋಡಿಸುವ ಹಾಗೇ. ಯೂನಿಕೋಡಿನಲ್ಲಿ ನಾಲ್ಕೇ: ಧ, ರ, ಹಲಂತ, ಮ. ಉಚ್ಚಾರದ ಕ್ರಮದಲ್ಲಿ. ಇಲ್ಲಿ ವ ಮತ್ತು ಕೊಂಬು ಸೇರಿ ‘ಮ’ ಆಗಿದೆ. ಹಾಗಾದರೆ ‘ವು’ ಎಲ್ಲಿ? ಅದಕ್ಕೆ ಬೇರೆ ಸಂಕೇತದ ಕೊಂಬು ಇದೆ, ‘ಪು’ಗೂ ಅದೇ. ಈ ಎರಡು ಕೊಂಬುಗಳನ್ನು ಒಂದೇ ಎಂದುಕೊಂಡು ಮಾಡಿದ, ಯಾವ ಸಂಕೇತಕ್ಕೆ ಯಾವ ಅಕ್ಷರ ಎಂಬ ನನ್ನ ಮೊದಲ ಕೋಷ್ಟಕದಲ್ಲಿ ‘ಹೂವು’ಗಳೆಲ್ಲ ‘ಹೂಮ’ ಆಗಿದ್ದವು.

ಅರ್ಕಾವತ್ತು ಎಲ್ಲಕ್ಕಿಂತ ಕಾಡಿತು. ‘ಸಕರ್ಾರ’, ‘ವಾಷರ್ಿಕ’ ಎಂಬ ರೂಪಗಳನ್ನು ಕನ್ನಡದ ಜಾಲತಾಣಗಳಲ್ಲಿ ನೀವು ನೂರಾರು ಕಡೆ ನೋಡಿರುತ್ತೀರಿ. ಪರಿವರ್ತಕ ಅರ್ಕಾವತ್ತನ್ನು ಬರೀ ಒಂದು ಸಂಕೇತ ಹಿಂದಕ್ಕೆ ಸರಿಸಿದ್ದರ ಗುರುತು ಅದು. ಅದು ದಾಟಬೇಕಾದದ್ದು ಒಂದು ಸಂಕೇತವನ್ನಲ್ಲ, ಹಿಂದಿನ ಇಡೀ ಗುಣಿತಾಕ್ಷರವನ್ನು: ಬುಡ, ಸ್ವರಚಿಹ್ನೆ, ಒತ್ತು ಇದ್ದರೆ ಒತ್ತು, ಎಲ್ಲವನ್ನೂ. ಆದ್ದರಿಂದ ಕೆಲಸದ ಸರದಿ ಮುಖ್ಯ. ಮೊದಲು ಉದ್ದದ ತುಣುಕಿನಿಂದ ಶುರು ಮಾಡಿ ಸಂಕೇತ ಬದಲಿಸುವುದು, ಆಮೇಲೆ ಒತ್ತನ್ನು ಸ್ವರಚಿಹ್ನೆಯ ಹಿಂದಕ್ಕೆ ತರುವುದು, ಅದು ಮುಗಿದ ಮೇಲೆ ಅರ್ಕಾವತ್ತು, ಕೊನೆಗೆ ದೀರ್ಘಗಳನ್ನು ಕೂಡಿಸುವುದು. ‘ಅದಕ್ಕೆ’ ಎಂಬಲ್ಲಿ ನುಡಿ ‘ಕೆ’ ಬರೆದು ಕಕಾರದ ಒತ್ತು ಹಾಕುತ್ತದೆ, ಯೂನಿಕೋಡಿಗೆ ಎತ್ವ ಕೊನೆಗೆ ಬೇಕು. ಒತ್ತಿಗೆ ಮೊದಲೇ ಅರ್ಕಾವತ್ತು ಸರಿಸಿದರೆ ಎರಡೂ ಕೆಡುತ್ತವೆ. ಈ ಸರದಿ ಸರಿಹೋದ ದಿನ ನುಡಿಯ ಸಂಚಿಕೆಗಳಲ್ಲಿ ಉಳಿದ ತಪ್ಪು ಪುಟಕ್ಕೆ ಒಂದೋ ಎರಡೋ.

ದೀರ್ಘದ ಬಗ್ಗೆ ಒಂದು ಮಾತು. ‘ಕೋ’ ಎಂಬುದನ್ನು ಓತ್ವದ ಒಂದೇ ಸಂಕೇತದಿಂದ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಬೇರೆ ಬೇರೆ. ಎಲ್ಲ ಪಠ್ಯವನ್ನೂ ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ಇಳಿಸಿಟ್ಟುಕೊಳ್ಳಿ, ಹುಡುಕುವವರು ಟೈಪಿಸಿದ್ದನ್ನೂ ಇಳಿಸಿ. ಹಾಗೆಯೇ ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಹಲಂತದ ಮುಂದೆ ವ್ಯಂಜನ ಬಂದರೆ ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಬೇಕು, ಇಲ್ಲದಿದ್ದರೆ ‘ವೇ’ ಒತ್ತಾಗಿ ಕೆಳಗಿಳಿಯುತ್ತದೆ. ಆದರೆ ಹುಡುಕಾಟದ ಪಟ್ಟಿ ಮಾಡುವಾಗ ಅದನ್ನು ತೆಗೆದುಹಾಕಿ, ಎಲ್ಲರೂ ಅದನ್ನು ಹಾಕಿ ಟೈಪಿಸುವುದಿಲ್ಲ.

ಬರಹ ಎಂಬ ತಂತ್ರಾಂಶದ ಬಿಆರ್‌ಎಚ್ ಫಾಂಟಿನ ಒಂದು ಸಂಚಿಕೆ ಇದೇ ಕೋಷ್ಟಕದಲ್ಲಿ ಸಲೀಸಾಗಿ ಬಂತು. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಎರಡು ಸಂಚಿಕೆಗೆ ಕೋಷ್ಟಕವೇ ಬೇರೆ. ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಂಕೇತಗಳನ್ನು ಒಂದೊಂದಾಗಿ ಗುರುತಿಸಿದೆ, ಹತ್ತು ಹನ್ನೆರಡು ಸಂಜೆ ಹಿಡಿಯಿತು. ಪುಸ್ತಕ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಮೊಳೆ ಅಚ್ಚಿನ ಪುಟಗಳಿಗೆ ಬಂದಾಗ ನನಗೂ ಧೈರ್ಯ ಕುಂದಿತ್ತು. ಪರೀಕ್ಷೆಗೆಂದು 48 ಪುಟ ಟೈಪ್ ಮಾಡಿಸಿದೆ, 1,200 ರೂಪಾಯಿ ಹೋಯಿತು. ವಾಪಸ್ ಬಂದ ಫೈಲು ನುಡಿಯ ಹಳೇ ಸಂಕೇತದಲ್ಲಿತ್ತು, ಅದನ್ನು ಮತ್ತೆ ಪರಿವರ್ತಿಸಬೇಕಾಯಿತು. ಅದಕ್ಕಿಂತ ಬೇಸರವಾದದ್ದು, ಕಥೆಗಳಲ್ಲಿದ್ದ ‘ಹಿಂಗ’ ‘ಹೀಗೆ’ ಆಗಿತ್ತು, ‘ಹೋಗ್ಯಾನ’ ‘ಹೋಗಿದ್ದಾನೆ’ ಆಗಿತ್ತು. ಟೈಪ್ ಮಾಡಿದವರು ತಪ್ಪು ತಿದ್ದಿದ್ದೇವೆ ಎಂದೇ ತಿಳಿದಿದ್ದರು. 1,800 ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರೂ ದಂಡವೇ. ಪುಟಕ್ಕೆ 40 ಸೆಕೆಂಡು, ಮೇಲಾಗಿ ಅದುಮಿ ಇಟ್ಟಾಗ ಬೈಂಡು ಬಿರಿದು ಹಾಳೆ ಕೈಗೆ ಬರತೊಡಗಿತು. ನಾಲ್ಕನೇ ದಿನ ನಿಲ್ಲಿಸಿದೆ.

ಮೊಬೈಲೇ ಸಾಕು, ಲೆಕ್ಕ ಹಾಕಿ ನೋಡಿ. 1/8 ಡೆಮಿಯ ಪುಟ ಸುಮಾರು 5.5 ಇಂಚು ಅಗಲ, 8.5 ಎತ್ತರ. ಪುಸ್ತಕ ಬಿಡಿಸಿಟ್ಟರೆ ಎರಡು ಪುಟ ಸೇರಿ 11 ಇಂಚು. 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 3,300 ಚುಕ್ಕಿ ಅಗಲ, 2,550 ಎತ್ತರ ಬೇಕು. 12 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 4,000 ಮತ್ತು 3,000. ಅಂಚಿಗೆ ಸ್ವಲ್ಪ ಜಾಗ ಬಿಟ್ಟರೂ ಕೂರುತ್ತದೆ. 5 ಎಂಎಂ ಗಾಜು, 12ಕ್ಕೆ 18 ಇಂಚು, ಅಂಚು ಉಜ್ಜಿಸಿ ತಂದೆ. ಪುಸ್ತಕದ ಮೇಲೆ ಗಾಜು ಇಟ್ಟರೆ ಹಾಳೆ ಚಪ್ಪಟೆಯಾಗುತ್ತದೆ, ಬೈಂಡಿಗೆ ಭಾರ ಬೀಳುವುದಿಲ್ಲ. ಎರಡು 9 ವ್ಯಾಟ್ ಬಲ್ಬು, ಎಡಬಲದಿಂದ 45 ಡಿಗ್ರಿ ಓರೆಯಾಗಿ. ಮೇಲಿನ ಟ್ಯೂಬ್‌ಲೈಟ್ ಆರಿಸಲೇಬೇಕು, ಇಲ್ಲದಿದ್ದರೆ ಗಾಜಿನಲ್ಲಿ ಬಿಳಿ ಪಟ್ಟಿ. ಫೋನಿನದೇ ನೆರಳು ಗಾಜಿನಲ್ಲಿ ಕಾಣುತ್ತದೆ, ಅದಕ್ಕೆ ಕಪ್ಪು ಚಾರ್ಟಿಗೆ ತೂತು ಮಾಡಿ ಲೆನ್ಸಿನ ಸುತ್ತ ಹಿಡಿಸಿದೆ.

ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಚಿತ್ರಕ್ಕೆ ಅಡ್ಡಡ್ಡ ಕಪ್ಪು ಪಟ್ಟೆ ಬೀಳುತ್ತವೆ. ಕಣ್ಣಿಗೆ ಕಾಣದಿದ್ದರೂ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತಿರುತ್ತದೆ. ಶಟರನ್ನು ಆಟೋಗೆ ಬಿಡದೆ 1/50 ಅಥವಾ 1/100ಕ್ಕೆ ನಿಲ್ಲಿಸಿ, ಐಎಸ್‌ಒ 100, ಫೋಕಸ್ ಲಾಕ್. ಒತ್ತುವಾಗ ಫೋನು ಅಲುಗದಂತೆ 150 ರೂಪಾಯಿಯ ಬ್ಲೂಟೂತ್ ಬಟನ್. ಫೋಟೋ ತೆಗೆಯುವ ಪುಟದ ಹಿಂದೆ ಒಂದು ಕಪ್ಪು ಹಾಳೆ ಇಟ್ಟರೆ ಆ ಬದಿಯ ಶಾಯಿ ಮೂಡುವುದು ತೀರಾ ಕಡಿಮೆ. ಗಂಟೆಗೆ ಹೆಚ್ಚುಕಡಿಮೆ 200 ಜೋಡಿ ಪುಟ, ಆರು ಮಧ್ಯಾಹ್ನಗಳಲ್ಲಿ ಮುಗಿಯಿತು. ಮೂಲ ಫೋಟೋಗಳು ಒಟ್ಟು 6 ಜಿಬಿಯ ಆಸುಪಾಸು.

ಸ್ಕ್ಯಾನ್ ಟೈಲರಿನಲ್ಲಿ ಎರಡು ಕಡೆ ಎಡವಿದೆ. ಒಂದು, ಕಪ್ಪುಬಿಳುಪು ಮಾಡುವಾಗ ಇಡೀ ಪುಟಕ್ಕೆ ಒಂದೇ ಮಿತಿ ಹಾಕುವ ಓಟ್ಸು ವಿಧಾನ. ಕಂದು ತಿರುಗಿದ ಹಾಳೆಯ ಮೂಲೆಗಳು ಕಪ್ಪಾಗಿ ಅಕ್ಷರ ನುಂಗಿದವು. ಸುತ್ತಲಿನ ಜಾಗ ನೋಡಿ ಮಿತಿ ಹಾಕುವ ಸೌವೋಲ ವಿಧಾನ ಹಾಕಿದ ಮೇಲೆ ಸರಿಯಾಯಿತು. ಎರಡು, ಚುಕ್ಕಿ ತೆಗೆಯುವ ಆಯ್ಕೆಯನ್ನು ಜೋರಾಗಿ ಇಟ್ಟಿದ್ದು. ಹಳೇ ಮೊಳೆಯಲ್ಲಿ ಮಹಾಪ್ರಾಣದ ಸೀಳು ತೆಳ್ಳಗೆ, ಅಕ್ಷರದಿಂದ ಬಿಟ್ಟುಕೊಂಡು ಬಿದ್ದಿರುತ್ತದೆ. ತಂತ್ರಾಂಶ ಅದನ್ನು ಕೊಳೆ ಎಂದು ಒರೆಸಿಬಿಟ್ಟು 200 ಪುಟಗಳ ‘ಧ’ ಎಲ್ಲ ‘ದ’ ಆಗಿತ್ತು. ಆ ಆಯ್ಕೆಯನ್ನು ಪೂರ್ತಿ ಆರಿಸಿ ಮತ್ತೆ ಓಡಿಸಿದೆ. ಕೊಳೆ ಇದ್ದರೆ ಇರಲಿ, ಅದರಿಂದ ಆಗುವ ತಪ್ಪು ಕಡಿಮೆ.

ಟೆಸರಾಕ್ಟಿಗೆ ‘ಬೆಸ್ಟ್’ ಮಾದರಿಯ ಕನ್ನಡ ಫೈಲನ್ನೇ ಹಾಕಿ, ವೇಗದ ಮಾದರಿ ಬೇಡ. ಕನ್ನಡದ ಜೊತೆ ಇಂಗ್ಲಿಷ್ ಸೇರಿಸಿ ಓಡಿಸಿದರೆ ಕನ್ನಡದ ಸೊನ್ನೆ, ಒತ್ತುಗಳು ಇಂಗ್ಲಿಷ್ ಅಕ್ಷರಗಳಾಗಿ ಬರುತ್ತವೆ. ನಾನು ಇಂಗ್ಲಿಷ್ ವಿಭಾಗದ ಪುಟಗಳನ್ನು ಬೇರೆ ಮಾಡಿ ಬೇರೆಯಾಗಿಯೇ ಓಡಿಸಿದೆ. ಪದ್ಯದ ಪುಟಕ್ಕೆ ಪುಟವಿನ್ಯಾಸದ ಆಯ್ಕೆ 6, ಎರಡು ಕಾಲಮ್ಮಿನ ಪುಟಕ್ಕೆ 3. ಆಯ್ಕೆ 6ರಲ್ಲಿ ಕಾಲಮ್ಮಿನ ಪುಟ ಹಾಕಿದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಳ್ಳುತ್ತದೆ. ಪುಟಕ್ಕೆ 12 ಸೆಕೆಂಡು ಹಿಡಿಯುತ್ತಿತ್ತು. ಥ್ರೆಡ್ ಮಿತಿಯನ್ನು 1ಕ್ಕೆ ಇಳಿಸಿ ನಾಲ್ಕು ಪುಟ ಒಟ್ಟಿಗೆ ಓಡಿಸಿದಾಗ ಹಳೇ ಐ3 ಲ್ಯಾಪ್‌ಟಾಪಿನಲ್ಲೂ 2,300 ಪುಟ ಒಂದೇ ರಾತ್ರಿಯಲ್ಲಿ ಮುಗಿದವು.

ನಡುವೆ ಗೂಗಲ್ ಡ್ರೈವಿನಲ್ಲೂ ಪ್ರಯತ್ನಿಸಿದೆ. ಫೈಲು 2 ಎಂಬಿ ಒಳಗಿರಬೇಕು, ಡಾಕ್ಸ್ ಆಗಿ ತೆರೆದರೆ ಅಕ್ಷರ ಬರುತ್ತದೆ. ಮಸುಕಾದ ಪುಟಗಳಲ್ಲಿ ಅದರ ಕಣ್ಣು ಚೆನ್ನಾಗಿತ್ತು. ಆದರೆ ಯಾವ ಪದ ಪುಟದಲ್ಲಿ ಎಲ್ಲಿತ್ತು ಎಂಬ ಲೆಕ್ಕ ಹೀಗೆ ಮಾಡಿದರೆ ಕೈಗೆ ಸಿಗುವುದಿಲ್ಲ. ನನ್ನ ತಿದ್ದುವ ಪದ್ಧತಿ ನಿಂತದ್ದೇ ಆ ಲೆಕ್ಕದ ಮೇಲೆ. ತೀರಾ ಕೆಟ್ಟ ಮೂವತ್ತು ನಲವತ್ತು ಪುಟಕ್ಕೆ ಮಾತ್ರ ಅದನ್ನು ಬಳಸಿದೆ.

ಮೊದಲ ಓಟದಲ್ಲಿ 100 ಪದಕ್ಕೆ 85ರಿಂದ 88 ಸರಿ ಇದ್ದವು. ಓಸಿಆರ್ ಆಗುವುದಿಲ್ಲ ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಏಳು ಲಕ್ಷ ಪದಗಳನ್ನು ಕೂತು ಓದಿ ತಿದ್ದುವುದು ಸಾಧ್ಯವಿಲ್ಲ ಎಂಬುದು ನಿಜ, ಆದರೆ ಓದುವ ಅಗತ್ಯವೇ ಇಲ್ಲ.

ಸಿಡಿಯ ಸಂಚಿಕೆಗಳನ್ನು ಮೊದಲು ಮುಗಿಸಿದ್ದು ಇದಕ್ಕೆ. ಅವುಗಳಿಂದ ಸುಮಾರು ಎರಡೂವರೆ ಲಕ್ಷ ಪದ ಸಿಕ್ಕಿತು, ಬೇರೆ ಬೇರೆ ರೂಪಗಳು 65 ಸಾವಿರ. ಅದೇ ಊರಿನ, ಅದೇ ಕಾಲೇಜಿನ ಬರವಣಿಗೆ. ಹಾಸ್ಟೆಲು, ಜಾತ್ರೆ, ಎನ್‌ಎಸ್‌ಎಸ್ ಶಿಬಿರ, ನಮ್ಮ ಕಡೆಯ ಮಾತು ಎಲ್ಲ ಅದರಲ್ಲಿವೆ. ಯಾವ ನಿಘಂಟೂ ಈ ಕೆಲಸಕ್ಕೆ ಇಷ್ಟು ಒದಗುವುದಿಲ್ಲ. ಓಸಿಆರಿನಿಂದ ಬಂದ ಪದ ಈ ಪಟ್ಟಿಯಲ್ಲಿದ್ದರೆ ಬಿಡುವುದು. ಇಲ್ಲದಿದ್ದರೆ ವಿಭಕ್ತಿ ಪ್ರತ್ಯಯ ಕತ್ತರಿಸಿ ಮತ್ತೆ ನೋಡುವುದು, ಏಕೆಂದರೆ ‘ಮನೆ’ ಇದ್ದರೂ ‘ಮನೆಯವರಿಗಾಗಿ’ ಪಟ್ಟಿಯಲ್ಲಿರುವುದಿಲ್ಲ. ಆಗಲೂ ಸಿಗದಿದ್ದರೆ ತಪ್ಪುವ ಜೋಡಿಗಳನ್ನು ಅದಲುಬದಲು ಮಾಡಿ ನೋಡುವುದು: ಪ–ಷ, ಸ–ನ, ದ–ಧ, ಥ–ಧ, ಡ–ಢ, ಒ–ಓ. ಯಾವ ಜೋಡಿ ಮೊದಲು, ಯಾವುದು ಆಮೇಲೆ, ಎರಡು ಬದಲಾವಣೆ ಒಟ್ಟಿಗೆ ಯಾವಾಗ ಒಪ್ಪಬೇಕು ಎಂಬ ಕ್ರಮ ಕಂಡುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಅದನ್ನೂ ಪ್ರತ್ಯಯ ಕತ್ತರಿಸುವ ಪಟ್ಟಿಯನ್ನೂ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಸಂಚಿಕೆಯ ಮೊಳೆ ಬೇರೆ, ಕ್ರಮವೂ ಬೇರೆಯಾಗುತ್ತದೆ.

ಜೋಡಿಗಿಂತ ಮೊದಲು ಮಾಡಬೇಕಾದ ಎರಡು ಸಣ್ಣ ನಿಯಮಗಳಿಂದಲೇ ಐದಾರು ಶೇಕಡಾ ತಪ್ಪು ಹೋಯಿತು. ಅಕ್ಷರಗಳ ನಡುವೆ ಕನ್ನಡ ಅಂಕಿ ೦ ಬಂದಿದ್ದರೆ ಅದು ಅನುಸ್ವಾರ. ಅಕ್ಷರದ ಹಿಂದೆ ಅಂಟಿಕೊಂಡು ೯ ಬಂದಿದ್ದರೆ ಅದು ಅರ್ಕಾವತ್ತು, ಆಕಾರ ಒಂದೇ ಥರ ಇರುವುದರಿಂದ ಹಾಗೆ ಓದುತ್ತದೆ. ‘ಧಮ೯’ ಎಂದು ಬಂದದ್ದೂ ಕಣ್ಣಿಗೆ ಕಾಣುವ ಕ್ರಮವೇ ತಾನೆ? ನುಡಿಗೆಂದು ಬರೆದ ಅರ್ಕಾವತ್ತಿನ ಫಂಕ್ಷನ್ನನ್ನೇ ಇಲ್ಲಿಗೂ ಹಚ್ಚಿದೆ, ಒಂದಕ್ಷರ ಬದಲಿಸದೆ ಕೆಲಸ ಮಾಡಿತು.

ಇಷ್ಟಾದ ಮೇಲೆ ಉಳಿದ ಅನುಮಾನದ ಪದಗಳನ್ನು ಮನುಷ್ಯರ ಕಣ್ಣಿಗೆ ಹಾಕಬೇಕು. ಟೆಸರಾಕ್ಟಿನ ಟಿಎಸ್‌ವಿ ಫೈಲಿನಲ್ಲಿ ಪ್ರತಿ ಪದದ ಎಡ, ಮೇಲು, ಅಗಲ, ಎತ್ತರ ಇರುತ್ತದೆ. ಆ ಅಳತೆಯಲ್ಲಿ ಚಿತ್ರದಿಂದ ಪದವನ್ನು ಕತ್ತರಿಸಿ, ಪಕ್ಕದಲ್ಲಿ ಓದಿದ ಅಕ್ಷರ ಇಟ್ಟು, ಒಂದೇ ಥರ ಓದಿದ್ದನ್ನೆಲ್ಲ ಒಂದೆಡೆ ಗುಂಪು ಮಾಡಿದೆ. ಒಮ್ಮೆ ತಿದ್ದಿದರೆ ಗುಂಪಿಗೆಲ್ಲ ಅನ್ವಯ. ‘ವಿದ್ಯಾಥಿ೯’ಯ ಒಂದು ವಿಚಿತ್ರ ರೂಪ ನೂರಾ ನಲವತ್ತು ಸಲ ಇತ್ತು, ಒಂದೇ ಒತ್ತಿಗೆ ಹೋಯಿತು. ನಾಲ್ಕು ಜನ ಗೆಳೆಯರು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಫೋನಿನಲ್ಲೇ ತಿದ್ದಿದರು. ಆರು ವಾರ ಹಿಡಿಯಿತು. ಈಗ 100ಕ್ಕೆ 98 ದಾಟಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಯಾವುದೇ ಹತ್ತು ಪುಟ ತೆಗೆದು ಎಣಿಸಿ ನೋಡಬಹುದು.

ಈ ಪದ್ಧತಿ ಹಿಡಿಯಲಾರದ ತಪ್ಪು ಒಂದಿದೆ: ತಪ್ಪಾದರೂ ಪದವೇ ಆಗಿರುವುದು. ‘ದನ’ ಮತ್ತು ‘ಧನ’ ಎರಡೂ ಪಟ್ಟಿಯಲ್ಲಿವೆ. ‘ಧನ ಕಾಯುವ ಹುಡುಗ’ ಎಂದು ಒಂದು ಕಥೆಯ ಮೂರು ಕಡೆ ಉಳಿದುಹೋಗಿತ್ತು, ಓದುಗರೊಬ್ಬರು ಹೇಳಿದ ಮೇಲೆ ಸರಿಮಾಡಿದೆ. ಇಂಥ ಜೋಡಿಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು ಪ್ರತಿಯೊಂದನ್ನೂ ಕಣ್ಣಿಂದ ನೋಡಬೇಕು. ನಮ್ಮಲ್ಲಿ ಸುಮಾರು 60 ಜೋಡಿ ಆದವು. ಆಡುಮಾತಿನ ರೂಪಗಳಿಗೂ ಒಂದು ಕಾವಲು ಹಾಕಿ: ‘ಬಂದಾಳ’, ‘ಮಾಡೂದು’ ಥರದ ಕೊನೆ ಇರುವ ಪದಗಳನ್ನು ತಾನಾಗಿ ತಿದ್ದಲು ಬಿಡಬೇಡಿ. ನಾನು ಬಿಟ್ಟು, ನಲವತ್ತು ಕಡೆ ಹಿಂದಕ್ಕೆ ತಿರುಗಿಸಬೇಕಾಯಿತು.

ಜಾಲತಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇಟಾಬೇಸ್ ಇಲ್ಲದ ಸ್ಥಿರ ಪುಟಗಳು, ಬಿಟ್ಟಿ ಹೋಸ್ಟಿಂಗ್, ಡೊಮೇನಿಗೆ ವರ್ಷಕ್ಕೆ 800. ನೋಟೊ ಸೆರಿಫ್ ಕನ್ನಡ ಫಾಂಟನ್ನು ಚಿಕ್ಕದು ಮಾಡಲು ಒಂದು ಆನ್‌ಲೈನ್ ಉಪಕರಣ ಬಳಸಿದೆ. ಅದು ಫಾಂಟಿನೊಳಗಿನ ಅಕ್ಷರ ಜೋಡಣೆಯ ಕೋಷ್ಟಕವನ್ನೇ ಕಿತ್ತುಹಾಕಿತ್ತು, ಒತ್ತುಗಳೆಲ್ಲ ಬಿಚ್ಚಿಕೊಂಡು ಹಲಂತವಾಗಿ ನಿಂತವು. ಫಾಂಟ್‌ಟೂಲ್ಸಿನಲ್ಲಿ ಎಲ್ಲ ಫೀಚರುಗಳನ್ನೂ ಉಳಿಸು ಎಂದು ಹೇಳಿ ಕತ್ತರಿಸಿದರೆ ಸರಿ. ಸಾಲಿನ ಎತ್ತರ 1.7 ಇಡಿ. ಇಂಗ್ಲಿಷಿಗೆ ಸಾಕಾಗುವ 1.4ರಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಪದಗಳ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ.

ಹುಡುಕಾಟದಲ್ಲಿ ನಾನು ಊಹಿಸದ ಒಂದು ವಿಷಯ ಕಂಡಿತು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ, ಚಾಟಿನಲ್ಲಿ ಬರೆಯುವ ಹಾಗೆ. ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗು. ‘ಕಥೆ’ಯನ್ನೇ ನಾಲ್ಕು ರೀತಿ ಬರೆದಿದ್ದರು. ಇದಕ್ಕೊಂದು ಸೀದಾ ಉಪಾಯ ಮಾಡಿದೆ: ಸಂಚಿಕೆಯ ಪ್ರತಿ ಪದವನ್ನೂ ರೋಮನ್ ಅಕ್ಷರಕ್ಕೆ ತಂದು, ಹ್ರಸ್ವ–ದೀರ್ಘ ಒಂದು ಮಾಡಿ, ಅಲ್ಪಪ್ರಾಣ–ಮಹಾಪ್ರಾಣ ಒಂದು ಮಾಡಿ, ಲ–ಳ, ನ–ಣ, ಸ–ಶ–ಷ ಒಂದು ಮಾಡಿ, ಒತ್ತನ್ನು ಒಂಟಿಯಾಗಿಸಿ ಎರಡನೇ ಪಟ್ಟಿ ಇಟ್ಟೆ. ಹುಡುಕುವ ಪದಕ್ಕೂ ಅದೇ ಸಂಸ್ಕಾರ. ‘ಕಲೆ’, ‘ಕಳೆ’, ‘ಕಾಲೇ’ ಎಲ್ಲ ಕಲಸಿ ಬರುತ್ತವೆ ನಿಜ. ಹತ್ತಿರದ ಹೊಂದಿಕೆಯನ್ನು ಮೇಲಿಟ್ಟರೆ ಜನಕ್ಕೆ ತೊಂದರೆಯಾಗುವುದಿಲ್ಲ. ಇದನ್ನು ಹಾಕಿದ ವಾರದಿಂದ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಮೊದಲಿದ್ದದ್ದರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಹಾಗೆಯೇ, ನಮ್ಮವರು ಲಿಂಕ್ ಕಳಿಸುವುದಿಲ್ಲ, ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದನ್ನು ಬದಲಿಸಲು ಹೋಗಲಿಲ್ಲ, ಪ್ರತಿ ಪದ್ಯದ ಕೆಳಗೆ ಸಂಚಿಕೆಯ ವರ್ಷ, ಬರೆದವರ ಹೆಸರು, ಜಾಲತಾಣದ ವಿಳಾಸ ಸಣ್ಣದಾಗಿ ಬರುವಂತೆ ಮಾಡಿದೆ. ಚಿತ್ರ ಎಲ್ಲಿಗೆ ಹೋದರೂ ಗುರುತು ಜೊತೆಗಿರುತ್ತದೆ. ಲಿಂಕಿನ ಮುನ್ನೋಟಕ್ಕೆ ಪೈಥಾನಿನಲ್ಲಿ ಚಿತ್ರ ಮಾಡುವ ಪಿಲ್ಲೋ ಲೈಬ್ರರಿಯಲ್ಲಿ ಕಾರ್ಡು ಮಾಡಿಸಿದೆ, ಆದರೆ ರಾಕ್ಮ್ ಲೈಬ್ರರಿ ಇಲ್ಲದ ಪಿಲ್ಲೋ ಕನ್ನಡದ ಒತ್ತು ಕೂಡಿಸುವುದಿಲ್ಲ, ಅದನ್ನು ಪರೀಕ್ಷಿಸಿಯೇ ಮುಂದುವರಿಯಿರಿ. ಪ್ರಯೋಗಕ್ಕೆಂದು 1980ರ ದಶಕದ ನಗೆಹನಿಗಳನ್ನು ಮೀಮಿನ ಅಚ್ಚಿಗೆ ಹಾಕಿ ಇನ್‌ಸ್ಟಾಗ್ರಾಂನಲ್ಲಿ ಬಿಟ್ಟೆ. ಹಾಸ್ಟೆಲ್ ಸಾರಿನ ಬಗ್ಗೆ ಬರೆದದ್ದು ಸಂಪಾದಕೀಯಗಳೆಲ್ಲ ಸೇರಿದರೂ ಆಗದಷ್ಟು ಓದುಗರನ್ನು ತಂದಿತು, ಅಲ್ಲಿಂದ ಹಳೇ ವಿದ್ಯಾರ್ಥಿಗಳು ಬಂದರು, ಕಳೆದುಹೋಗಿದ್ದ ಎರಡು ಸಂಚಿಕೆ ಮನೆಯಿಂದ ತಂದುಕೊಟ್ಟವರೂ ಅವರೇ.

ಹಕ್ಕಿನ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಾಯ್ದೆಯಲ್ಲಿ ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಸಂಚಿಕೆಯಲ್ಲಿ ಬರೆದವರಲ್ಲಿ ಬಹುತೇಕರು ನಮ್ಮ ನಡುವೆಯೇ ಇದ್ದಾರೆ. ಕಾಲೇಜಿನ ಲಿಖಿತ ಒಪ್ಪಿಗೆ ಪಡೆದೆ, ಸಿಕ್ಕ ಲೇಖಕರನ್ನೆಲ್ಲ ಕೇಳಿದೆ. ಇಪ್ಪತ್ತು ವಯಸ್ಸಿನ ಪ್ರೇಮಪದ್ಯ ಈಗ ಬೇಡ ಎಂದವರು ಏಳೆಂಟು ಜನ, ಕೇಳಿದ ದಿನವೇ ತೆಗೆದೆ. ಹಳೇ ಸಂಚಿಕೆಗಳಲ್ಲಿ ವಿದ್ಯಾರ್ಥಿನಿಯರ ಫೋಟೋ, ಮನೆ ವಿಳಾಸ, ಆಮೇಲಿನವುಗಳಲ್ಲಿ ಫೋನ್ ನಂಬರ್ ಅಚ್ಚಾಗಿರುತ್ತದೆ. ಕಪಾಟಿನ ಪುಸ್ತಕದಲ್ಲಿದ್ದಾಗ ಅದರಿಂದ ತೊಂದರೆ ಇರಲಿಲ್ಲ, ಹುಡುಕಿದರೆ ಸಿಗುವಲ್ಲಿ ಅದು ಇರಬಾರದು. ಆ ಪುಟಗಳ ಅಕ್ಷರವನ್ನೂ ಚಿತ್ರವನ್ನೂ ಎರಡನ್ನೂ ಮುಚ್ಚಿ. ಅಕ್ಷರ ಮಾತ್ರ ತೆಗೆದು ಚಿತ್ರ ಬಿಟ್ಟ ಒಂದು ಪುಟ ನನ್ನಿಂದ ಮೂರು ದಿನ ಹಾಗೇ ಉಳಿದಿತ್ತು.

ಖರ್ಚಿನ ಲೆಕ್ಕ ಕೇಳುವವರಿಗೆ: ಗಾಜು 300, ಬಲ್ಬು 200, ಹೋಲ್ಡರ್ ಮತ್ತು ವೈರು 150, ಚಾರ್ಟು 40, ಬಟನ್ 150, ಡಿವಿಡಿ ಡ್ರೈವ್ 500, ಹಳೇ 1 ಟಿಬಿ ಹಾರ್ಡ್ ಡಿಸ್ಕ್ 1,500, ಡೊಮೇನ್ 800. ಟೈಪಿಂಗು, ಸ್ಕ್ಯಾನರು ಸೇರಿ ದಂಡ 3,000. ಹಾರ್ಡ್ ಡಿಸ್ಕಿನ ಖರ್ಚು ಉಳಿಸಲು ಹೋಗಬೇಡಿ, ಮೂಲ ಫೋಟೋಗಳ ಒಂದು ಪ್ರತಿ ಕಾಲೇಜು ಗ್ರಂಥಾಲಯದಲ್ಲಿ, ಇನ್ನೊಂದು ಮನೆಯಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ಗೆಳೆಯನ ಹತ್ತಿರ ಇದೆ.

ಬಾಕಿ ಇರುವುದು ಶ್ರೀಲಿಪಿಯ ಕೋಷ್ಟಕದ ಒಂಬತ್ತು ಸಂಕೇತ, ಮತ್ತು 1984ರ ಸಂಚಿಕೆಯ ಗೆದ್ದಲು ತಿಂದ ಹದಿನಾರು ಪುಟ. ಆ ಪುಟಗಳ ಇನ್ನೊಂದು ಪ್ರತಿ ಹುಬ್ಬಳ್ಳಿಯಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬರ ಮನೆಯ ಅಟ್ಟದಲ್ಲಿದೆಯಂತೆ. ದಸರಾ ರಜೆಯಲ್ಲಿ ಗಾಜು, ಬಲ್ಬು ಕಟ್ಟಿಕೊಂಡು ಹೋಗುತ್ತೇನೆ.